ತಂಪಿಗೂ ಉಂಟು ಉಳಿತಾಯ ಖಾತೆ



ವಾರ ವಾರ ಸಂಘದಲ್ಲಿ ಕೂಡಿಟ್ಟ ಹಣ ಮಕ್ಕಳ ಫೀಸು ಕಟ್ಟುವ ದಿನ ಕೈಗೆ ಬರುತ್ತದೆ. ದುಡ್ಡು ಉಳಿಸುವುದು ನಮಗೆ ಗೊತ್ತು. ತಂಪನ್ನೂ ಹಾಗೆಯೇ ಕೂಡಿಡಬಹುದು ಎಂದರೆ ನಂಬುತ್ತೀರಾ? ಪಟ್ಟಣದ ಕೆಲವು ದೊಡ್ಡ ಕಟ್ಟಡಗಳಲ್ಲಿ ಎ.ಸಿ.ಗಾಗಿ ಇದನ್ನೇ ಮಾಡುತ್ತಾರೆ.

"ನಮ್ಮ ಮನೆಯಲ್ಲಿ ಎ.ಸಿ. ಇಲ್ಲ, ನಮಗ್ಯಾಕೆ ಇದು?" ಅನ್ನಬೇಡಿ. ನಮ್ಮ ಮನೆಗೂ ಆ ಕಟ್ಟಡಕ್ಕೂ ಕರೆಂಟು ಬರುವುದು ಒಂದೇ ಜಾಲದಿಂದ. ಎಲ್ಲರೂ ಒಂದೇ ಹೊತ್ತಿಗೆ ಸ್ವಿಚ್ ಹಾಕಿದರೆ ಹೊರೆ ಹೆಚ್ಚುತ್ತದೆ. ಕೊರತೆಯಾದಾಗ ಮೊದಲು ದೀಪ ಆರುವುದು ಹೆಚ್ಚಾಗಿ ಹಳ್ಳಿಗಳಲ್ಲೇ ಅಲ್ವಾ?

1. ಒಂದು ಟನ್ ಎ.ಸಿ. ಎಂದರೇನು?

ಅದು ಯಂತ್ರದ ತೂಕವಲ್ಲ; ಐಸಿನ ಲೆಕ್ಕ. ಅಮೆರಿಕದ ಒಂದು ಟನ್, ಅಂದರೆ ಸುಮಾರು 907 ಕೆ.ಜಿ. ಐಸು 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ, ಅಷ್ಟೇ ಹೊತ್ತಿನಲ್ಲಿ ಅಷ್ಟು ಬಿಸಿಯನ್ನು ಹೊರಹಾಕುವ ಎ.ಸಿ. ಒಂದು ಟನ್ನಿನದು.

2. ಐಸಿನಲ್ಲಿ ಅಷ್ಟು ಶಕ್ತಿ ಎಲ್ಲಿಂದ?

ಐಸು ಕರಗಲು ತುಂಬಾ ಬಿಸಿ ಬೇಕು. ಒಂದು ಕೆ.ಜಿ. ಐಸು ಕರಗಿ ನೀರಾಗುವಾಗ ಹೀರುವ ಬಿಸಿಯಿಂದ ಒಂದು ಲೀಟರ್ ನೀರನ್ನು 0 ಡಿಗ್ರಿಯಿಂದ 80 ಡಿಗ್ರಿವರೆಗೆ ಕಾಯಿಸಬಹುದು! ಮೀನು ಮಾರುವ ನಮ್ಮ ಅಕ್ಕಂದಿರಿಗೆ ಇದು ಅನುಭವದಿಂದಲೇ ಗೊತ್ತು. ಪೆಟ್ಟಿಗೆಯಲ್ಲಿ ಐಸು ಇರುವ ತನಕ ಮೀನು ಕೆಡುವುದಿಲ್ಲ. ಬರೀ ತಣ್ಣೀರಾದರೆ ಬೇಗ ಬಿಸಿಯಾಗಿಬಿಡುತ್ತದೆ.

3. ಕಟ್ಟಡದಲ್ಲಿ ಹೇಗೆ ಮಾಡುತ್ತಾರೆ?

ರಾತ್ರಿ ಕಚೇರಿಗಳು ಖಾಲಿ, ಕರೆಂಟಿಗೂ ಬೇಡಿಕೆ ಕಡಿಮೆ. ಆಗ ಯಂತ್ರ ಓಡಿಸಿ ದೊಡ್ಡ ಟ್ಯಾಂಕುಗಳಲ್ಲಿ ನೀರನ್ನು ಐಸು ಮಾಡುತ್ತಾರೆ. ಹಗಲು ಆ ಟ್ಯಾಂಕಿನ ಕೊಳವೆಗಳಲ್ಲಿ ಹೆಪ್ಪುಗಟ್ಟದ ದ್ರವ ಹರಿಸುತ್ತಾರೆ. ಅದು ಐಸಿನ ತಂಪನ್ನು ಕೋಣೆಗಳಿಗೆ ಒಯ್ಯುತ್ತದೆ. ನ್ಯೂಯಾರ್ಕ್ ನಗರದ ಬ್ಯಾಂಕ್ ಆಫ್ ಅಮೆರಿಕಾ ಟವರಿನಲ್ಲಿ ಇಂಥ 44 ಟ್ಯಾಂಕುಗಳಿವೆ.

ಲೆಕ್ಕ ನೋಡಿ: ಒಂದು ಟನ್ ಎ.ಸಿ. 8 ಗಂಟೆ ಕೊಡುವ ತಂಪಿಗೆ ಸುಮಾರು 300 ಕೆ.ಜಿ. ಐಸು ಸಾಕು. ಐಸಿನ ಬದಲು ತಣ್ಣೀರನ್ನೇ ಕೂಡಿಟ್ಟರೆ, ಅದು 5 ಡಿಗ್ರಿಯಿಂದ 13 ಡಿಗ್ರಿಗೆ ಏರುವ ಲೆಕ್ಕದಲ್ಲಿ, ಸುಮಾರು 3,000 ಲೀಟರ್ ಬೇಕು. ಜಾಗ ಇದ್ದವರು ತಣ್ಣೀರು, ಇಲ್ಲದವರು ಐಸು ಇಡುತ್ತಾರೆ.

4. ಲಾಭ ಯಾವುದರಲ್ಲಿ?

ಇದನ್ನು ಸರಿಯಾಗಿ ತಿಳಿಯಬೇಕು. ಐಸು ಮಾಡಲು ಯಂತ್ರವನ್ನು ಸೊನ್ನೆಗಿಂತ ಕೆಳಗಿನ ತಂಪಿಗೆ ಓಡಿಸಬೇಕು. ಆದ್ದರಿಂದ ಯೂನಿಟ್ ಕಡಿಮೆಯಾಗುತ್ತದೆ ಎಂದು ಹೇಳಲಾಗದು, ಕೆಲವೊಮ್ಮೆ ಹೆಚ್ಚೇ ಆಗಬಹುದು. ಉಳಿಯುವುದು ದರದಲ್ಲಿ. ಬೇಡಿಕೆ ಹೆಚ್ಚಿರುವ ಹೊತ್ತಿನ ಕರೆಂಟಿಗೆ ಹೆಚ್ಚು ದರ, ಬಿಸಿಲಿನ ಹೊತ್ತಿಗೆ ಕಡಿಮೆ ದರ ಇಡಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ನಿಯಮ ತಂದಿತು. ದರ ನಿಗದಿ ಮಾಡುವುದು ಆಯಾ ರಾಜ್ಯದ ಆಯೋಗ. ಸೋಲಾರ್ ಹೆಚ್ಚಿದಂತೆ ಮಧ್ಯಾಹ್ನ ತಂಪು ಕೂಡಿಟ್ಟು ಸಂಜೆ ಖರ್ಚು ಮಾಡುವುದೂ ಲಾಭವೇ. ದಿನವಿಡೀ ಒಂದೇ ದರ ಕಟ್ಟುವವರಿಗೆ ಈ ಲಾಭ ಸಿಗುವುದಿಲ್ಲ.

5. ನಮಗೆ ಎಲ್ಲಿ ಉಪಯೋಗ?

ಹಾಲಿನ ಡೇರಿಯಲ್ಲಿ. ಕರೆದ ಹಾಲನ್ನು ಬೇಗ 4 ಡಿಗ್ರಿಗೆ ಇಳಿಸದಿದ್ದರೆ ಕೆಡುತ್ತದೆ. ಸಂಜೆ ಹಾಲು ತರುವ ಹೊತ್ತಿಗೇ ಕರೆಂಟು ಹೋದರೆ ಏನು ಗತಿ? ಇದಕ್ಕಾಗಿಯೇ 'ಐಸ್ ಬ್ಯಾಂಕ್' ಎಂಬ ಟ್ಯಾಂಕು ಇದೆ. ಕರೆಂಟು ಇದ್ದಾಗ ಅದರಲ್ಲಿ ಐಸು ಕಟ್ಟುತ್ತದೆ. ಕರೆಂಟು ಹೋದಾಗ ಸಣ್ಣ ಜನರೇಟರಿನಿಂದ ಪಂಪು ಮಾತ್ರ ಓಡಿಸಿದರೂ ಹಾಲು ತಣ್ಣಗಾಗುತ್ತದೆ. ಹೆಸರು ನೋಡಿ, ಅದೂ ಬ್ಯಾಂಕೇ!

ಒಂದು ಎಚ್ಚರಿಕೆ: ತೂತು ಕೊಡದಲ್ಲಿ ನೀರು ನಿಲ್ಲದು. ಟ್ಯಾಂಕಿಗೆ ದಪ್ಪ ಹೊದಿಕೆ, ಮಾಡಿಗೆ ನೆರಳು, ಬಾಗಿಲಿಗೆ ಸಂದಿ ಇಲ್ಲದ ಮುಚ್ಚಿಗೆ ಇವು ಮೊದಲು. ಸಾಲ ಮಾಡಿ ಯಂತ್ರ ತರುವುದು ಆಮೇಲೆ.

ಸಭೆಯಲ್ಲಿ ಚರ್ಚಿಸಿರಿ:
• ನಮ್ಮೂರಲ್ಲಿ ಕರೆಂಟು ಯಾವ ಹೊತ್ತಿಗೆ ಹೆಚ್ಚು ಹೋಗುತ್ತದೆ?
• ನಮ್ಮ ಡೇರಿಯಲ್ಲಿ ಐಸ್ ಬ್ಯಾಂಕ್ ಇದೆಯೇ? ಇಲ್ಲದಿದ್ದರೆ ಹಾಲು ಕೆಟ್ಟ ನಷ್ಟ ಯಾರ ತಲೆಗೆ?
• ಬಿಲ್ಲಿನಲ್ಲಿ ಹೊತ್ತಿಗೊಂದು ದರ ಇದೆಯೇ? ಮುಂದಿನ ಸಭೆಗೆ ಒಂದು ಬಿಲ್ಲು ತಂದು ಓದಿ ನೋಡಿ.