ಪರದೆಯ ಮೇಲಿನ ಅಳತೆ

ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದರು. ವಿಜ್ಞಾನವನ್ನು ಜನಸಾಮಾನ್ಯರಿಗೆ ತಲುಪಿಸುವ ಇಂತಹ ಉಪನ್ಯಾಸಗಳಿಗೆ ಮಾತಿನಷ್ಟೇ ಚಿತ್ರವೂ ಅವಶ್ಯಕ.

ಹಿಂದೆ ಫಿಲ್ಮಿನ ಸ್ಲೈಡುಗಳಿದ್ದವು. ಸಾಮಾನ್ಯವಾಗಿ ಚಿತ್ರದ ಉದ್ದ 36 ಮಿ.ಮೀ., ಅಗಲ 24 ಮಿ.ಮೀ.; ಅದನ್ನು ಹಿಡಿದ ಚೌಕಟ್ಟಿನ ಪ್ರತಿ ಬದಿಯೂ 50 ಮಿ.ಮೀ. ಪ್ರೊಜೆಕ್ಟರನ್ನು ಕದಲಿಸದಿದ್ದರೆ ಚಿತ್ರಗಳೆಲ್ಲ ಒಂದೇ ಗಾತ್ರದಲ್ಲಿ ಪರದೆಯ ಮೇಲೆ ಮೂಡುತ್ತಿದ್ದವು. ಇಂದಿನ ಕಂಪ್ಯೂಟರಿಗೆ ಆ ಕಟ್ಟುಪಾಡಿಲ್ಲ. ಒಂದು ಚಿತ್ರ ಪರದೆಯನ್ನೆಲ್ಲ ತುಂಬಿದರೆ, ಮುಂದಿನದು ಮೂಲೆಯಲ್ಲಿ ಮುದುಡಿರುತ್ತದೆ; ನೋಡುವವರ ಗಮನ ವಿಷಯವನ್ನು ಬಿಟ್ಟು ಚಿತ್ರದ ಅಂಚಿನತ್ತ ಹರಿಯುತ್ತದೆ. ಹಾಗೆಂದು ಅಗಲವನ್ನಷ್ಟೇ ಎಳೆದು ಸರಿಹೊಂದಿಸಿದರೆ ಹುಣ್ಣಿಮೆಯ ಚಂದ್ರನೂ ಮೊಟ್ಟೆಯ ಆಕಾರ ತಾಳಿಯಾನು! ಉದ್ದ ಅಗಲಗಳ ಪ್ರಮಾಣ ಕೆಡದಂತೆ ಹಿಗ್ಗಿಸಿ ಅಥವಾ ಕುಗ್ಗಿಸಿ, ಮಿಕ್ಕ ಅಂಚನ್ನು ಕತ್ತರಿಸುವುದೇ ಯುಕ್ತ.

ಗಾತ್ರ ಸಮನಾದ ಮೇಲೂ ಒಂದು ಭ್ರಮೆ ಉಳಿಯುತ್ತದೆ. ಲಾಲ್‌ಬಾಗಿನ ಬಂಡೆಯನ್ನೂ ಅದರ ಕಲ್ಲಿನ ಸಣ್ಣ ಹರಳೊಂದನ್ನೂ ಅಕ್ಕಪಕ್ಕದಲ್ಲಿ ಒಂದೇ ಅಳತೆಯಲ್ಲಿ ತೋರಿಸಿದರೆ, ಬಂಡೆಯನ್ನು ಕಾಣದ ಬಾಲಕನಿಗೆ ಯಾವುದು ಹಿರಿದು, ಯಾವುದು ಕಿರಿದು? ಆದುದರಿಂದಲೇ ಭೂವಿಜ್ಞಾನಿಗಳು ಬಂಡೆಯ ಬಳಿ ಸುತ್ತಿಗೆಯನ್ನೋ ನಾಣ್ಯವನ್ನೋ ಇರಿಸಿ ಚಿತ್ರ ತೆಗೆಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ತೆಗೆದ ಹರಳಿನ ಚಿತ್ರದ ಕೆಳಗೆ ಅಳತೆಯ ಗೆರೆಯೊಂದನ್ನು ಎಳೆದು, ಅದು ಎಷ್ಟು ಮಿಲಿಮೀಟರಿಗೆ ಸಮವೆಂಬುದನ್ನು ಬರೆಯುತ್ತಾರೆ.