ನಿಮ್ಮ ತುಪ್ಪದ ಡಬ್ಬಿಗೆ ನಿಮ್ಮದೇ ಗುರುತು

ಅಕ್ಕಂದಿರೇ, ಸಂಘಕ್ಕೆ ಹಾಲು ಹಾಕಿ, ಮನೆಗೆ ಉಳಿದದ್ದರಲ್ಲಿ ಬೆಣ್ಣೆ ತೆಗೆದು ತುಪ್ಪ ಕಾಯಿಸುವುದು ನಿಮಗೆ ಹೊಸದಲ್ಲ. ಸ್ವಸಹಾಯ ಗುಂಪಿನಿಂದ ಅದನ್ನು ಡಬ್ಬಿಗೆ ತುಂಬಿ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಸುತ್ತಲಿನ ಅಂಗಡಿಗಳಲ್ಲಿ ಇಡೋಣ ಎಂದುಕೊಂಡರೆ ಒಂದು ಪ್ರಶ್ನೆ ಏಳುತ್ತದೆ: ಡಬ್ಬಿ ಮೇಲೆ ಯಾವ ಚಿತ್ರ ಹಾಕಿಸಬೇಕು?

ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೇಳಿದರೆ ಬಹಳ ಸಲ ಒಂದು ಆಕಳ ಚಿತ್ರ ಇಟ್ಟು, ಕೆಳಗೆ ಹೆಸರು ಬರೆದು, ಸುತ್ತ ಮೊಟ್ಟೆಯಾಕಾರದ ಗೆರೆ ಎಳೆದು ಕೊಡುತ್ತಾರೆ. ಅದು ನಂದಿನಿಯ ಗುರುತಿನ ಹಾಗೆಯೇ ಕಾಣುತ್ತದೆ. ನಂದಿನಿ ನಮ್ಮದೇ ಮಹಾಮಂಡಳದ್ದು ಹೌದು, ಆದರೆ ಮನೆಯಲ್ಲಿ ಕಾಯಿಸಿದ ತುಪ್ಪಕ್ಕೆ ಅದನ್ನು ಬಳಸುವ ಹಕ್ಕು ಸದಸ್ಯರಿಗೂ ಇಲ್ಲ.

ಈ ಹೆಸರಿಗಾಗಿಯೇ ಮಹಾಮಂಡಳಕ್ಕೂ ಬೆಂಗಳೂರಿನ ನಂದಿನಿ ಡೀಲಕ್ಸ್ ಹೋಟೆಲಿಗೂ ಸುಪ್ರೀಂ ಕೋರ್ಟಿನವರೆಗೆ ವ್ಯಾಜ್ಯ ನಡೆದಿತ್ತು. 2018ರ ಜುಲೈನಲ್ಲಿ ಹೋಟೆಲಿನ ಪರವಾಗಿ ತೀರ್ಪು ಬಂತು. ಹೆಸರು ಹೆಚ್ಚುಕಡಿಮೆ ಒಂದೇ ಆದರೂ ಹೋಟೆಲಿನ ಗುರುತಿನಲ್ಲಿ ದೀಪ ಇದೆ, ಅಕ್ಷರದ ರೀತಿ ಬೇರೆ, ಮಾರುವ ಪದಾರ್ಥವೂ ಬೇರೆ, ಗಿರಾಕಿ ಮೋಸ ಹೋಗುವುದಿಲ್ಲ ಎಂಬುದು ಕೋರ್ಟಿನ ಅಭಿಪ್ರಾಯ. ಆದರೆ ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಆ ಹೋಟೆಲಿಗೂ ಹೆಸರು ಸಿಗಲಿಲ್ಲ. ನೀವು ಮಾರುವುದು ತುಪ್ಪ. ಆದ್ದರಿಂದ ಹೆಸರಿನಲ್ಲೂ ಚಿತ್ರದಲ್ಲೂ ನಂದಿನಿಯಿಂದ ದೂರ ಇರಿ. ‘ಧಾರವಾಡ ಪೇಢಾ’ ಕೂಡ ಭೌಗೋಳಿಕ ಸೂಚಕ ಪಡೆದ ಹೆಸರು. ಮುಂದೆ ಪೇಢಾ ಮಾಡುವವರು ಆ ಹೆಸರು ಹಾಕುವ ಮೊದಲು ವಿಚಾರಿಸಿಕೊಳ್ಳಬೇಕು.

ಹಾಗಾದರೆ ಯಾವ ಚಿತ್ರ? ನಿಮ್ಮ ಕೊಟ್ಟಿಗೆಯನ್ನೇ ನೋಡಿ. ನಮ್ಮ ಧಾರವಾಡಿ ಎಮ್ಮೆಗೆ 2021ರಲ್ಲಿ ರಾಷ್ಟ್ರಮಟ್ಟದಲ್ಲಿ ಪ್ರತ್ಯೇಕ ತಳಿ ಎಂಬ ಮಾನ್ಯತೆ ಸಿಕ್ಕಿದೆ. ಅರ್ಧಚಂದ್ರದ ಹಾಗೆ ಬಾಗಿದ ಕೊಂಬೇ ಅದರ ಗುರುತು. ಇಡೀ ಎಮ್ಮೆ ಬರೆಯುವುದೇ ಬೇಡ, ಆ ಎರಡು ಕೊಂಬಿನ ಗೆರೆ ಸಾಕು. ಅದನ್ನು ನಿಮ್ಮ ಮಗಳು ಕೂಡ ಪಟ್ಟಿಯ ಹಾಳೆಯಲ್ಲಿ ಬರೆದಾಳು. ಆದರೆ ನಿಮ್ಮದು ಎಚ್‌ಎಫ್ ಆಕಳ ತುಪ್ಪವಾದರೆ ಎಮ್ಮೆಯ ಕೊಂಬು ಹಾಕಬೇಡಿ. ಚಿತ್ರ ನಂಬಿ ಕೊಂಡವರಿಗೆ ಅದು ಸುಳ್ಳು ಹೇಳಿದ ಹಾಗೆ.

ಬರೆದದ್ದನ್ನು ಮೊದಲು ಕಪ್ಪು ಬಣ್ಣ ಒಂದರಲ್ಲೇ ನೋಡಿ. ಬಣ್ಣ ಇಲ್ಲದೆ ಗುರುತು ಸಿಗದಿದ್ದರೆ ಚಿತ್ರ ಬದಲಿಸಿ. ಒಂದೇ ಬಣ್ಣದ್ದಾದರೆ ರಬ್ಬರ್ ಸ್ಟ್ಯಾಂಪ್ ಮಾಡಿಸಿ ಚೀಲಕ್ಕೂ ಒತ್ತಬಹುದು, ಖರ್ಚೂ ಕಡಿಮೆ. ಆಮೇಲೆ ಒಂದು ರೂಪಾಯಿ ನಾಣ್ಯದಷ್ಟು ಚಿಕ್ಕದು ಮಾಡಿ, ಡಬ್ಬಿಗೆ ಅಂಟಿಸಿ, ಬೇರೆ ಡಬ್ಬಿಗಳ ನಡುವೆ ಇಟ್ಟು ಹತ್ತು ಹೆಜ್ಜೆ ಹಿಂದೆ ನಿಲ್ಲಿ. ಓದು ಬಾರದ ಅತ್ತೆಯನ್ನೋ ಅಜ್ಜಿಯನ್ನೋ ಕರೆದು, ‘ನಮ್ಮದು ಯಾವುದು?’ ಎಂದು ಕೇಳಿ. ಹಾಲು ಕೊಳ್ಳುವವರು ‘ನೀಲಿ ಪಾಕೀಟು ಕೊಡ್ರಿ’ ಅನ್ನುತ್ತಾರಲ್ಲ, ಗಿರಾಕಿ ಕಣ್ಣಿನಿಂದಲೇ ಕೊಳ್ಳುತ್ತಾನೆ. ಹೂವು, ಬಳ್ಳಿ, ಕಳಶ, ಸೂರ್ಯ ಎಲ್ಲ ತುಂಬಿದರೆ ದೂರದಿಂದ ಬರೀ ಕಲೆಯಾಗಿ ಕಾಣುತ್ತದೆ. ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ, ಸಸ್ಯಾಹಾರದ ಹಸಿರು ಚುಕ್ಕೆ, ತೂಕ, ತಾರೀಖು, ಬೆಲೆಗೂ ಜಾಗ ಬಿಟ್ಟಿರಬೇಕು.

ಇನ್ನೊಂದು ಮಾತು, ಬಹಳ ಗುಂಪುಗಳು ಎಡವುವುದು ಇಲ್ಲೇ. ಪ್ರೆಸ್ಸಿನವರಿಗೆ ದುಡ್ಡು ಕೊಡುವಾಗ ಚಿತ್ರದ ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯಿರಿ. ಇಲ್ಲದಿದ್ದರೆ ಪ್ರತಿ ಸಲವೂ ಅವರ ಹತ್ತಿರವೇ, ಅವರು ಹೇಳಿದ ದರಕ್ಕೇ ಹೋಗಬೇಕಾಗುತ್ತದೆ. ಗುರುತು ಗುಂಪಿನದು, ಅಧ್ಯಕ್ಷೆಯ ಸ್ವಂತದ್ದಲ್ಲ ಎಂದು ಠರಾವು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ನಾಳೆ ಗುಂಪು ಒಡೆದರೆ ಜಗಳ ಹತ್ತುವುದು ಇದಕ್ಕೇ. ವ್ಯಾಪಾರ ಕುದುರಿದ ಮೇಲೆ ಟ್ರೇಡ್‌ಮಾರ್ಕ್ ನೋಂದಣಿಗೆ ಅರ್ಜಿ ಹಾಕಬಹುದು. ಒಮ್ಮೆ ನೋಂದಣಿಯಾದರೆ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬೇಕು. ಅಂಥದೇ ಗುರುತು ಬೇರೆಯವರದ್ದು ಇದೆಯೇ ಎಂದು ಆ ಇಲಾಖೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಹುಡುಕಬಹುದು. ಈ ಹುಡುಕಾಟವನ್ನು ಮಾತ್ರ ಸ್ಟಿಕ್ಕರ್ ಅಚ್ಚು ಹಾಕಿಸುವ ಮೊದಲೇ ಮಾಡಿಸಿ.