ಮಂದದೃಷ್ಟಿಯವರಿಗೆ ಗಣಕಯಂತ್ರದ ಪರದೆ: ಆಯ್ಕೆ ಮತ್ತು ಜೋಡಣೆ

ಪಂಚೇಂದ್ರಿಯಗಳಲ್ಲಿ ಕಣ್ಣಿಗೆ ನಮ್ಮ ಪೂರ್ವಿಕರು ಅಗ್ರಸ್ಥಾನವನ್ನು ಕೊಟ್ಟಿದ್ದಾರೆ. ಸುಶ್ರುತ ಸಂಹಿತೆಯ ಉತ್ತರತಂತ್ರವು ಆರಂಭವಾಗುವುದೇ ನೇತ್ರರೋಗಗಳ ವಿಚಾರದಿಂದ. ಅಲ್ಲಿ 76 ಬಗೆಯ ನೇತ್ರರೋಗಗಳನ್ನು ಎಣಿಸಲಾಗಿದೆ. ಅಂದು ಓದುವ ವಸ್ತು ತಾಳೆಗರಿಯಾಗಿತ್ತು. ಇಂದು ಸಿಂಧನೂರಿನ ಅಕ್ಕಿ ಗಿರಣಿಯ ಲೆಕ್ಕ, ಲಿಂಗಸುಗೂರಿನ ಕಚೇರಿಗಳ ಕಡತ, ಮಸ್ಕಿಯ ಸುತ್ತಲಿನ ಗ್ರಾಮ ಪಂಚಾಯಿತಿಗಳ ದಾಖಲೆ, ರೈತನ ಪಹಣಿ, ಶಾಲೆಯ ಮಕ್ಕಳ ಹಾಜರಿ ಎಲ್ಲವೂ ಗಣಕಯಂತ್ರದ ಪರದೆಯ ಮೇಲೆ ಬಂದಿವೆ. ಪರದೆ ಕಾಣದವನಿಗೆ ಕೆಲಸವೇ ಇಲ್ಲವೆಂಬ ಪರಿಸ್ಥಿತಿ ಉಂಟಾಗಿದೆ.

“ಅಕ್ಷರ ಕಾಣವಲ್ಲವ್ರೀ ಡಾಕ್ಟ್ರೇ, ಕೆಲಸಾ ಬಿಟ್ಟುಬಿಡ್ಲೇನ್ರೀ?” ಎಂದು ಕೇಳುವವರು ಚಿಕಿತ್ಸಾಲಯಕ್ಕೆ ಬರುತ್ತಲೇ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಐವತ್ತು ದಾಟಿದವರು, ಮನೆಗೆ ಆಧಾರವಾದವರು. ಅವರಿಗೆ ಹೇಳಬೇಕಾದ ಮಾತು ಒಂದೇ. ಕಣ್ಣಿಗೆ ಸಿಗಬೇಕಾದ ಚಿಕಿತ್ಸೆ ಪೂರ್ತಿಯಾಗಿ ಸಿಕ್ಕಿದೆಯೇ, ಉಳಿದ ದೃಷ್ಟಿಗೆ ತಕ್ಕಂತೆ ಪರದೆಯನ್ನು ಹೊಂದಿಸಲಾಗಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯುವ ತನಕ ಯಾರೂ ತಮ್ಮ ಕಾಯಕವನ್ನು ಬಿಡಬಾರದು.

ಮೊದಲು ನೇತ್ರಪರೀಕ್ಷೆ

ಪರದೆಯನ್ನು ಬದಲಿಸುವ ಮುನ್ನ ಕಣ್ಣನ್ನು ಪರೀಕ್ಷಿಸಿಕೊಳ್ಳಬೇಕು. ಕಣ್ಣಿನ ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ದೃಷ್ಟಿದೋಷವನ್ನು ಕನ್ನಡಕದಿಂದ ಸರಿಪಡಿಸಬಹುದು. ಗ್ಲಾಕೋಮಾ ಹಾಗೂ ಮಧುಮೇಹದಿಂದ ಬರುವ ಅಕ್ಷಿಪಟಲದ ರೋಗಗಳಲ್ಲಿ ಹೋದ ದೃಷ್ಟಿ ಬಹುಮಟ್ಟಿಗೆ ಮರಳದಿದ್ದರೂ ಸಕಾಲದ ಚಿಕಿತ್ಸೆಯಿಂದ ಉಳಿದುದನ್ನು ಕಾಪಾಡಿಕೊಳ್ಳಬಹುದು. ಸಕ್ಕರೆ ಕಾಯಿಲೆಯುಳ್ಳವರು ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳುವುದು ಅಗತ್ಯ. ಕಣ್ಣ ಮುಂದೆ ಹಠಾತ್ತನೆ ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಎಳೆದಂತಾದರೆ ಅಥವಾ ಕಣ್ಣು ಕೆಂಪಾಗಿ ತೀವ್ರ ನೋವು ಬಂದರೆ ಅದೇ ದಿನ ನೇತ್ರತಜ್ಞರ ಬಳಿಗೆ ಹೋಗಬೇಕು. ಜೇನುತುಪ್ಪ, ಈರುಳ್ಳಿ ರಸ, ಹರಳೆಣ್ಣೆ ಮುಂತಾದವನ್ನು ಮನೆಯಲ್ಲಿಯೇ ಕಣ್ಣಿಗೆ ಬಿಟ್ಟುಕೊಳ್ಳುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಆಯುರ್ವೇದದ ಹೆಸರಿನಲ್ಲಿ ಇದನ್ನು ಮಾಡಬಾರದೆಂದು ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ. ಶಾಸ್ತ್ರೋಕ್ತ ನೇತ್ರಚಿಕಿತ್ಸೆಯು ವೈದ್ಯರ ಸಮ್ಮುಖದಲ್ಲಿ, ಶುದ್ಧ ದ್ರವ್ಯಗಳಿಂದ ನಡೆಯತಕ್ಕದ್ದು.

ಚಿಕಿತ್ಸೆ ಮತ್ತು ಕನ್ನಡಕ ಎರಡೂ ಆದ ಬಳಿಕವೂ ಉತ್ತಮ ಕಣ್ಣಿನ ದೃಷ್ಟಿಯು 6/18ಕ್ಕಿಂತ ಕಡಿಮೆ ಇದ್ದರೆ ಅದನ್ನು ಮಂದದೃಷ್ಟಿ ಎನ್ನುತ್ತಾರೆ. ಆರೋಗ್ಯವಂತ ಕಣ್ಣು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು 6 ಮೀಟರ್ ಹತ್ತಿರಕ್ಕೆ ಹೋಗಿ ಓದಬೇಕಾಗುತ್ತದೆ ಎಂಬುದು 6/18ರ ಅರ್ಥ. ಮಂದದೃಷ್ಟಿ ಎಂದರೆ ಕುರುಡುತನವಲ್ಲ. ಮುಂದೆ ಹೇಳುವ ಮಾತುಗಳು ಮುಖ್ಯವಾಗಿ ಇಂಥವರಿಗಾಗಿ.

ಹತ್ತಿರದಿಂದ ನೋಡಿದರೆ ಕಣ್ಣು ಹಾಳಾಗುವುದೇ?

ಇಂದ್ರಿಯಗಳ ಅತಿಯೋಗ, ಅಯೋಗ ಮತ್ತು ಮಿಥ್ಯಾಯೋಗಗಳು ರೋಗಕ್ಕೆ ಕಾರಣವೆಂದು ಚರಕಾಚಾರ್ಯರು ಹೇಳುತ್ತಾರೆ. ಅತಿಯಾಗಿ ಹೊಳೆಯುವುದನ್ನು ಬಹಳ ಹೊತ್ತು ನೋಡುವುದು ಕಣ್ಣಿನ ಅತಿಯೋಗ. ತೀರ ಹತ್ತಿರದ ಅಥವಾ ತೀರ ದೂರದ ವಸ್ತುವನ್ನು ನೋಡುವುದು ಮಿಥ್ಯಾಯೋಗ. ಇದನ್ನೇ ಆಧಾರವಾಗಿಟ್ಟುಕೊಂಡು ಮನೆಯವರು ಮಂದದೃಷ್ಟಿಯ ಹಿರಿಯರನ್ನು “ದೂರ ಕುಳಿತುಕೊಳ್ಳಿ, ಕಣ್ಣು ಹೋದೀತು” ಎಂದು ಗದರಿಸುವುದುಂಟು. ಆದರೆ ‘ತೀರ ಹತ್ತಿರ’ ಎಂಬುದು ಆಯಾ ಕಣ್ಣಿಗೆ ಸಂಬಂಧಿಸಿದ್ದು. ಆ ದೂರಕ್ಕೆ ಒಪ್ಪುವ ಕನ್ನಡಕವಿದ್ದರೆ ಒಂದಡಿ ಅಂತರದಿಂದ ನೋಡಿದ ಮಾತ್ರಕ್ಕೆ ವಯಸ್ಕರ ಕಣ್ಣಿಗೆ ಹಾನಿಯಾಗುವುದಿಲ್ಲ. ಒಪ್ಪದ ಕನ್ನಡಕದೊಡನೆ ಹತ್ತಿರ ನೋಡಿದಾಗ ಆಯಾಸವಾಗುತ್ತದೆ, ತಲೆ ನೋಯುತ್ತದೆ. ಬೆಳೆಯುವ ಮಕ್ಕಳ ವಿಷಯ ಬೇರೆ. ಅವರಿಗೆ ದೂರದ ಅಭ್ಯಾಸವೂ ಬಯಲಿನ ಆಟವೂ ಬೇಕು.

ದೂರ ಅರ್ಧವಾದರೆ ಅಕ್ಷರ ಕಣ್ಣಿಗೆ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ. 60 ಸೆಂಟಿಮೀಟರ್ ದೂರದ ಪರದೆಯನ್ನು 30 ಸೆಂಟಿಮೀಟರಿಗೆ ತಂದರೆ ಒಂದು ರೂಪಾಯಿಯೂ ಖರ್ಚಿಲ್ಲದೆ ಅಕ್ಷರ ಇಮ್ಮಡಿಯಾಯಿತು. ಆದರೆ ಕನ್ನಡಕವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ನೂರನ್ನು ಸೆಂಟಿಮೀಟರಿನ ದೂರದಿಂದ ಭಾಗಿಸಿದರೆ ಆ ದೂರಕ್ಕೆ ಕಣ್ಣಿಗೆ ಬೇಕಾಗುವ ಶಕ್ತಿ ಡಯಾಪ್ಟರ್ ಲೆಕ್ಕದಲ್ಲಿ ದೊರೆಯುತ್ತದೆ: 50 ಸೆಂಟಿಮೀಟರಿಗೆ 2, 40ಕ್ಕೆ 2.5, 33ಕ್ಕೆ ಸುಮಾರು 3. ವಯಸ್ಸಾದಂತೆ ಈ ಶಕ್ತಿಯನ್ನು ಕಣ್ಣು ತಾನಾಗಿ ಒದಗಿಸಲಾರದು, ಕನ್ನಡಕ ಒದಗಿಸಬೇಕು. ಆದ್ದರಿಂದ ಕಣ್ಣಿನಿಂದ ಪರದೆಯವರೆಗೆ ಒಂದು ದಾರ ಹಿಡಿದು ಅಳೆದು, ಆ ದಾರವನ್ನೇ ಕನ್ನಡಕದ ಪರೀಕ್ಷೆಗೆ ಒಯ್ದು, “ಇಷ್ಟು ದೂರಕ್ಕೆ ಕೊಡಿ” ಎಂದು ಕೇಳಿ. ಪುಸ್ತಕ ಓದಲು ಕೊಟ್ಟ ಕನ್ನಡಕ ಪರದೆಗೆ ಹೊಂದಿಯೇ ತೀರುವುದೆಂಬ ನಿಯಮವಿಲ್ಲ.

ಮಾನಿಟರಿನ ಆಯ್ಕೆ

1. ಗಾತ್ರ: ಸಾಮಾನ್ಯವಾಗಿ 24ರಿಂದ 27 ಅಂಗುಲ ಸಾಕು. ಎರಡೂ ಫುಲ್ ಎಚ್‌ಡಿ ಆಗಿದ್ದರೆ ಎರಡರಲ್ಲಿಯೂ ಬಿಂದುಗಳು 1920 ಅಡ್ಡ, 1080 ಉದ್ದ. ಬಿಂದುಗಳ ಸಂಖ್ಯೆ ಒಂದೇ ಆದುದರಿಂದ 27 ಅಂಗುಲದಲ್ಲಿ ಅಕ್ಷರವು ಎಂಟನೆಯ ಒಂದು ಪಾಲಿನಷ್ಟು ದೊಡ್ಡದಾಗಿ ಕಾಣುತ್ತದೆ.

2. ಬಿಂದುಗಳ ಸಾಂದ್ರತೆ: ಬೆಲೆ ಹೆಚ್ಚೆಂದು 4ಕೆ ಮಾನಿಟರ್ ತಂದು ಹಾಗೆಯೇ ಬಳಸಿದರೆ ಅಕ್ಷರಗಳು ಅರ್ಧಕ್ಕಿಳಿಯುತ್ತವೆ. ಅದರಲ್ಲಿ ಅಕ್ಷರದ ಪ್ರಮಾಣವನ್ನು ಶೇ. 200 ಅಥವಾ ಅದಕ್ಕೂ ಹೆಚ್ಚಿಗೆ ಏರಿಸಿಕೊಂಡರೆ ಮಾತ್ರ ಹತ್ತಿರದಿಂದಲೂ ಅಂಚು ಒಡೆಯದ ಸ್ಪಷ್ಟ ಅಕ್ಷರ ದೊರೆಯುತ್ತದೆ.

3. ಮೇಲ್ಮೈ: ಕನ್ನಡಿಯಂತೆ ಹೊಳೆಯುವ ಪರದೆ ಬೇಡ, ಹೊಳಪಿಲ್ಲದ, ಮ್ಯಾಟ್ ಎನ್ನುವ ಪರದೆಯನ್ನು ಆರಿಸಿ. ಓರೆಯಿಂದ ನೋಡಿದರೂ ಬಣ್ಣಗೆಡದ ಐಪಿಎಸ್ ಪರದೆ ಒಳ್ಳೆಯದು. ಬೆಳಕು ಮಿನುಗದ, ‘ಫ್ಲಿಕರ್ ಫ್ರೀ’ ಎಂದು ನಮೂದಿಸಿದ ಮಾನಿಟರ್ ಲೇಸು.

4. ಸ್ಟ್ಯಾಂಡ್: ಏರಿಸಲು, ಇಳಿಸಲು, ಓರೆ ಮಾಡಲು ಬರಬೇಕು. ಬೆನ್ನಿಗೆ ನಾಲ್ಕು ತಿರುಪಿನ ರಂಧ್ರಗಳಿರುವ ಮಾನಿಟರನ್ನು ಚಲಿಸುವ ತೋಳಿಗೆ ಜೋಡಿಸಿ, ಬೇಕಾದಾಗ ಮುಖದ ಬಳಿಗೆ ಎಳೆದುಕೊಳ್ಳಬಹುದು.

5. ಮನೆಯ 32 ಅಂಗುಲದ ಟಿವಿಯನ್ನೇ ಬಳಸುವವರು ಅದು ಫುಲ್ ಎಚ್‌ಡಿಯೇ ಎಂದು ನೋಡಿಕೊಳ್ಳಿ. ‘ಎಚ್‌ಡಿ ರೆಡಿ’ ಟಿವಿಯಲ್ಲಿ ಅಕ್ಷರ ದೊಡ್ಡದಾದರೂ ಮಸುಕಾಗುತ್ತದೆ.

ಅಂಗಡಿಯಲ್ಲಿ ಚಿತ್ರ, ಸಿನಿಮಾ ನೋಡಿ ಮಾನಿಟರ್ ಕೊಳ್ಳಬೇಡಿ. ಕನ್ನಡದ ಒಂದು ಪುಟವನ್ನು ತೆರೆಯಿಸಿ. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ನಡುವಿನ ಸೀಳು ಕಾಣುತ್ತದೆಯೇ? ‘ರಾಷ್ಟ್ರ’ದ ಒತ್ತುಗಳು ಬೇರೆ ಬೇರೆಯಾಗಿ ತೋರುತ್ತವೆಯೇ? ನಮ್ಮ ಲಿಪಿಯಲ್ಲಿ ಒತ್ತಕ್ಷರ ಮೂಲಾಕ್ಷರಕ್ಕಿಂತ ಚಿಕ್ಕದು. ಇಂಗ್ಲಿಷ್ ಅಕ್ಷರ ಕಂಡಿತೆಂದು ಸಮಾಧಾನಪಟ್ಟರೆ ಕನ್ನಡದ ಒತ್ತು ಕಾಣದೆ ಉಳಿಯುತ್ತದೆ. ಕಷ್ಟಪಟ್ಟು ಓದಲು ಬರುವ ಅತಿ ಚಿಕ್ಕ ಅಕ್ಷರ ಯಾವುದೋ ಅದರ ಎರಡರಷ್ಟು ಗಾತ್ರವನ್ನು ದಿನದ ಕೆಲಸಕ್ಕೆ ಇಟ್ಟುಕೊಳ್ಳಬೇಕು. ಆಗ ಗಂಟೆಗಟ್ಟಲೆ ಓದಿದರೂ ದಣಿವು ಕಡಿಮೆ.

ಜೋಡಣೆ ಮತ್ತು ಬೆಳಕು

1915ರಲ್ಲಿ ಬೆಳಕಿಗೆ ಬಂದು, ಅಶೋಕ ಎಂಬ ಹೆಸರನ್ನೇ ಲೋಕಕ್ಕೆ ತೋರಿಸಿಕೊಟ್ಟ ಶಿಲಾಶಾಸನ ನಮ್ಮ ಮಸ್ಕಿಯಲ್ಲಿದೆ. ಸವೆದ ಶಾಸನವನ್ನು ಓದುವವರು ಬಲ್ಲರು: ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಕಣ್ಣಿಗೆ ಅಕ್ಷರವನ್ನು ತೋರಿಸುವುದು ಬರಿಯ ಬೆಳಕಲ್ಲ, ಅಕ್ಷರಕ್ಕೂ ಹಿನ್ನೆಲೆಗೂ ಇರುವ ವ್ಯತ್ಯಾಸ. ಪರದೆಗೂ ಇದು ಸಲ್ಲುತ್ತದೆ. ಎದುರಿನ ಬಾಗಿಲಿನ ಬಿಸಿಲು ಪರದೆಗೆ ಬಡಿದರೆ ಕರಿಯ ಅಕ್ಷರವೂ ಬೂದಿಯ ಬಣ್ಣಕ್ಕೆ ತಿರುಗುತ್ತದೆ.

ಪರದೆಯನ್ನು ಆರಿಸಿ ಅದರ ಮುಂದೆ ಕುಳಿತು ನೋಡಿ. ಕಪ್ಪು ಪರದೆಯಲ್ಲಿ ಕಿಟಕಿ, ಟ್ಯೂಬ್‌ಲೈಟ್, ನಿಮ್ಮ ಬಿಳಿ ಅಂಗಿ ಏನೇ ಪ್ರತಿಬಿಂಬಿಸಿದರೂ ಅದು ನಿಮ್ಮ ದೃಷ್ಟಿಯನ್ನು ಕದಿಯುತ್ತಿದೆ ಎಂದರ್ಥ. ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಇರಬೇಕು. ಬೆನ್ನಿಗೂ ಬೇಡ, ಪರದೆಯ ಹಿಂದೆಯೂ ಬೇಡ. ಬೇಸಿಗೆಯಲ್ಲಿ ದಪ್ಪ ಪರದೆಬಟ್ಟೆ ಕಟ್ಟಿ. ನಮ್ಮ ಸೀಮೆಯ ಧೂಳು ಒಂದೇ ದಿನದಲ್ಲಿ ಪರದೆಯನ್ನು ಮಬ್ಬಾಗಿಸುತ್ತದೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ನಿತ್ಯವೂ ಒರೆಸಿರಿ. ಕನ್ನಡಕವನ್ನೂ ಮರೆಯಬೇಡಿ.

ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗಿರಲಿ. ಎರಡು ಭಾಗದ ಕನ್ನಡಕ ಧರಿಸುವವರು ಕೆಳಭಾಗದಿಂದ ನೋಡಬೇಕಾದುದರಿಂದ ಗದ್ದ ಎತ್ತಿ ಕುಳಿತು ಕತ್ತುನೋವು ತಂದುಕೊಳ್ಳುತ್ತಾರೆ. ಅವರು ಪರದೆಯನ್ನು ಇನ್ನೂ ನಾಲ್ಕು ಬೆರಳು ಇಳಿಸಿ ಸ್ವಲ್ಪ ಹಿಂದಕ್ಕೆ ಓರೆ ಮಾಡಬೇಕು. ದೇಹವನ್ನು ಪರದೆಯತ್ತ ಬಗ್ಗಿಸಬೇಡಿ. ಪರದೆಯನ್ನು ದೇಹದತ್ತ ತನ್ನಿ.

ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುವ ಹಿರಿಯರೊಬ್ಬರು ಮಧುಮೇಹದಿಂದ ಅಕ್ಷಿಪಟಲ ಕೆಟ್ಟು, ಲೇಸರ್ ಚಿಕಿತ್ಸೆಯಾದ ನಂತರವೂ 6/24 ದೃಷ್ಟಿಯಲ್ಲಿ ನಿಂತವರು. ಕತ್ತುನೋವಿಗೆಂದು ನನ್ನಲ್ಲಿಗೆ ಬಂದರು. ಕೆಲಸ ಬಿಡುವ ನಿರ್ಧಾರ ಆಗಲೇ ಆಗಿತ್ತು. ವಿಚಾರಿಸಿದಾಗ ಮಾನಿಟರನ್ನು ಎತ್ತರದ ಪೆಟ್ಟಿಗೆಯ ಮೇಲೆ, ತೆರೆದ ಬಾಗಿಲಿಗೆ ಎದುರಾಗಿ ಇಟ್ಟಿದ್ದರೆಂದು ತಿಳಿಯಿತು. ಮೇಜನ್ನು ಅಡ್ಡ ತಿರುಗಿಸಿ, ಮಾನಿಟರನ್ನು ಕೆಳಗಿಳಿಸಿ 35 ಸೆಂಟಿಮೀಟರಿಗೆ ತಂದು, ಅಕ್ಷರವನ್ನು ಶೇ. 150ಕ್ಕೆ ಏರಿಸಿ, ಆ ದೂರಕ್ಕೇ ಕನ್ನಡಕ ಮಾಡಿಸಿಕೊಂಡರು. ಮಾನಿಟರ್ ಹಳೆಯದೇ. ಕತ್ತಿನ ನೋವೂ ಇಳಿಯಿತು, ಲೆಕ್ಕದ ಕೆಲಸವೂ ಉಳಿಯಿತು.

ರೋಗಕ್ಕೆ ತಕ್ಕ ಹೊಂದಾಣಿಕೆ

ಎಲ್ಲ ಮಂದದೃಷ್ಟಿಯೂ ಒಂದೇ ಅಲ್ಲ. ಗ್ಲಾಕೋಮಾದಲ್ಲಿ ಹಾಗೂ ಇರುಳುಗುರುಡಿನಿಂದ ಆರಂಭವಾಗುವ ಕೆಲವು ಅಕ್ಷಿಪಟಲ ರೋಗಗಳಲ್ಲಿ ದೃಷ್ಟಿಯ ಸುತ್ತಳತೆ ಕಿರಿದಾಗಿ, ಕೊಳವೆಯ ಮೂಲಕ ನೋಡಿದಂತಾಗುತ್ತದೆ. ಇವರಿಗೆ ದೊಡ್ಡ ಪರದೆ, ಅತಿ ದೊಡ್ಡ ಅಕ್ಷರ ತೊಡಕೇ ಸರಿ. ಸಾಲಿನ ಕೊನೆ ಸಿಗುವುದಿಲ್ಲ. ಮಧ್ಯಮ ಗಾತ್ರದ ಪರದೆ, ಸ್ಪಷ್ಟವಾದ ಅಕ್ಷರ ಸಾಕು. ಅಕ್ಷಿಪಟಲದ ನಡುಭಾಗ ಸವೆದವರಿಗೆ ನೇರ ನೋಟದಲ್ಲಿ ಅಕ್ಷರ ಅಳಿಸಿದಂತಿರುತ್ತದೆ. ಅವರಿಗೆ ದೊಡ್ಡ ಅಕ್ಷರ, ಹತ್ತಿರದ ಪರದೆ ಎರಡೂ ಬೇಕು. ಪೊರೆ ಬೆಳೆಯುತ್ತಿರುವವರಿಗೆ ಬಿಳಿಯ ಹಿನ್ನೆಲೆ ಕಣ್ಣು ಕೋರೈಸುತ್ತದೆ. ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಅಕ್ಷರ ಹಿತವೆನಿಸಬಹುದು. ಎರಡನ್ನೂ ಒಂದೊಂದು ದಿನ ಬಳಸಿ ನೋಡಿ, ಹಿತವಾದುದನ್ನು ಉಳಿಸಿಕೊಳ್ಳಿ.

ಇದಕ್ಕೆ ಬೇಕಾದ ಸಲಕರಣೆಗಳು ಗಣಕಯಂತ್ರದಲ್ಲಿಯೇ ಇವೆ. ವಿಂಡೋಸ್ ಚಿಹ್ನೆಯ ಕೀಲಿಯನ್ನು ಒತ್ತಿಹಿಡಿದು ಕೂಡುವ ಚಿಹ್ನೆಯನ್ನು ಒತ್ತಿದರೆ ಭೂತಗನ್ನಡಿ ತೆರೆಯುತ್ತದೆ. ಅದೇ ಕೀಲಿಯೊಡನೆ ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ. ಅಂತರ್ಜಾಲದ ಪುಟದಲ್ಲಿ ಕಂಟ್ರೋಲ್ ಕೀಲಿಯೊಡನೆ ಕೂಡುವ ಚಿಹ್ನೆ ಒತ್ತಿದರೆ ಅಕ್ಷರ ಬೆಳೆಯುತ್ತದೆ. ಮೌಸಿನ ಬಾಣವನ್ನೂ ದೊಡ್ಡದು ಮಾಡಿಕೊಳ್ಳಬಹುದು. ಅಕ್ಷರ ಓದಲು ಸಾಧ್ಯವೇ ಆಗದವರಿಗೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದು ಕನ್ನಡವನ್ನೂ ಓದುತ್ತದೆ. ಮನೆಯ ಮಕ್ಕಳು, ಮೊಮ್ಮಕ್ಕಳು ಒಂದು ಸಂಜೆ ಕುಳಿತು ಇವನ್ನು ಹೊಂದಿಸಿಕೊಟ್ಟರೆ ಅದು ಹಿರಿಯರಿಗೆ ಮಾಡಿದ ನಿಜವಾದ ಸೇವೆ.

ಕಣ್ಣಿಗೆ ವಿಶ್ರಾಂತಿ

ಸಹಜವಾಗಿ ನಿಮಿಷಕ್ಕೆ ಸುಮಾರು ಹದಿನೈದು ಬಾರಿ ರೆಪ್ಪೆ ಬಡಿಯುವ ಕಣ್ಣು ಪರದೆಯ ಮುಂದೆ ಅದರ ಅರ್ಧಕ್ಕೂ ಇಳಿಯುತ್ತದೆ. ನಮ್ಮ ಒಣ ಹವೆ, ಮೇಲೆ ಫ್ಯಾನಿನ ಗಾಳಿ ಸೇರಿ ಕಣ್ಣು ಉರಿಯುತ್ತದೆ. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬಡಿಯದಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ, ನಿಧಾನವಾಗಿ ರೆಪ್ಪೆ ಬಡಿಯಿರಿ. ಇದು ಅತಿಯೋಗಕ್ಕೆ ಸುಲಭ ಪರಿಹಾರ. ನೀಲಿ ಬೆಳಕನ್ನು ತಡೆಯುವ ಕನ್ನಡಕವೆಂದು ಹೆಚ್ಚು ಹಣ ತೆರಬೇಕಾಗಿಲ್ಲ. ಅದರಿಂದ ಕಣ್ಣಿನ ಆಯಾಸ ಕಡಿಮೆಯಾಗುವುದೆಂಬುದಕ್ಕೆ ಗಟ್ಟಿಯಾದ ಆಧಾರ ದೊರೆತಿಲ್ಲ.

ಕೊನೆಯದಾಗಿ ಸರಕಾರಿ ಸೇವೆಯಲ್ಲಿರುವವರಿಗೆ ಒಂದು ಮಾತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ ಮಂದದೃಷ್ಟಿಯೂ ಸೇರಿದೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರನನ್ನು ಅದೇ ಕಾರಣಕ್ಕಾಗಿ ತೆಗೆದುಹಾಕುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಕೆಲಸಕ್ಕೆ ಅನುಕೂಲವಾಗುವ ಸೂಕ್ತ ವ್ಯವಸ್ಥೆಯನ್ನು ಕಚೇರಿಯು ಒದಗಿಸಬೇಕು. ಸರಿಯಾದ ಮಾನಿಟರನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಕಣ್ಣು ಮಂದವಾಯಿತೆಂದು ಮೂಲೆಯಲ್ಲಿ ಕುಳಿತ ಹಿರಿಯರು ನಿಮ್ಮ ಮನೆಯಲ್ಲಿ, ನೆರೆಹೊರೆಯಲ್ಲಿ ಇದ್ದರೆ ಈ ಲೇಖನವನ್ನು ಅವರಿಗೆ ಓದಿ ಹೇಳಿ, ಒಂದು ದಾರ ಹಿಡಿದು ಅವರ ಮೇಜಿನ ಬಳಿ ಹೋಗಿ.